ತುರುಬು ಕಟ್ಟಿದ ಗುರುತು

ಒಗೆದ ದಿಂಬಿನ ಚೀಲಗಳನ್ನು ಹಗ್ಗಕ್ಕೆ ಹಾಕುತ್ತಿದ್ದೆ. ನಮ್ಮ ಮನೆಯ ಹಗ್ಗ ಬೇರೆಯವರದಕ್ಕಿಂತ ತಗ್ಗು. ವೀಲ್‌ಚೇರಿನಲ್ಲಿ ಕೂತು ಕೈ ಎತ್ತಿದರೆ ಸಿಗುವಷ್ಟು ಎತ್ತರಕ್ಕೆ ಕಟ್ಟಿಸಿಕೊಂಡಿದ್ದೇನೆ. ಕುರ್ಚಿಯ ಹಿಂದಿನ ಅಡ್ಡಕಂಬಿಯ ಮೇಲೆ ಮಗಳು ನಿಂತಿದ್ದಳು. ಅದು ಅವಳ ಜಾಗ. ನಿಲ್ಲಲು ಕಲಿತಾಗಿನಿಂದ ಅಲ್ಲೇ ನಿಂತು, ನನ್ನ ಭುಜ ಹಿಡಿದುಕೊಂಡು ಊರೆಲ್ಲ ಸುತ್ತಿದ್ದಾಳೆ. ವಯಸ್ಸಿಗೆ ತುಸು ಚಿಕ್ಕ ಆಕಾರ, ಬಾಯಿ ಮಾತ್ರ ಜೋರು; ಅದಕ್ಕೇ ನಮ್ಮಕ್ಕ ಅವಳಿಗೆ ಮೆಣಸು ಅಂತ ಹೆಸರಿಟ್ಟಿದ್ದು. ಮೆಣಸು ಡಬ್ಬಿಯಿಂದ ಒಂದೊಂದೇ ಕ್ಲಿಪ್ಪು ತೆಗೆದು ನನ್ನ ಭುಜದ ಮೇಲಿಂದ ಕೊಡುತ್ತಿದ್ದಳು.

"ಸ್ವಲ್ಪ ಅಲುಗಾಡಬೇಡಿ," ಎಂದು ಯಾರೋ ಅಂದರು.

ಗೇಟು ತೆರೆದಿತ್ತು. ಆಚೆ, ಹೊಸದಾಗಿ ಸಿಮೆಂಟು ಹಾಕಿದ ಫುಟ್‌ಪಾತಿನ ಮೇಲೆ ಒಬ್ಬರು ಮೊಣಕಾಲೂರಿ ಕೂತಿದ್ದರು. ಪಕ್ಕದಲ್ಲಿ ನೀಲಿ ಬಣ್ಣದ ಡಬ್ಬಿ, ಬಿಳಿ ಬಣ್ಣದ ಡಬ್ಬಿ, ಲಾರಿ ಹತ್ತಿ ಮಡಚಿಹೋದ ಒಂದು ತಗಡು. ಬೆಳಗಿನ ಬಿಸಿಲಿಗೆ ನನ್ನ ನೆರಳು ಗೇಟು ದಾಟಿ ಅವರ ಮುಂದೆ ಉದ್ದಕ್ಕೆ ಮಲಗಿತ್ತು. ಅವರು ಸೀಮೆಸುಣ್ಣದಲ್ಲಿ ಅದರ ಅಂಚಿಗೆ ಗೆರೆ ಎಳೆಯುತ್ತಿದ್ದರು.

"ಯಾರನ್ನ ಕೇಳಿ ನನ್ನ ನೆರಳು ಬರ್ಕೊಳ್ತಿದ್ದೀರಾ?"

"ಬಿದ್ದಿರೋದು ರಸ್ತೆ ಮೇಲೆ ಅಲ್ವಾ." ತಲೆ ಎತ್ತಲಿಲ್ಲ. "ರಸ್ತೆ ಎಲ್ಲರದ್ದು."

"ರಸ್ತೆ ಎಲ್ಲರದ್ದು. ನೆರಳು ನಂದು."

"ಹಾಗಾದ್ರೆ ಒಳಗೆ ಎಳ್ಕೊಳ್ಳಿ."

ನಾನು ಎಳೆದುಕೊಳ್ಳಲಿಲ್ಲ. ಯಾಕೆ ಎಂದು ಈಗಲೂ ಗೊತ್ತಿಲ್ಲ. ಕೈಯಲ್ಲಿದ್ದ ದಿಂಬಿನ ಚೀಲ ತೊಟ್ಟಿಕ್ಕುತ್ತಲೇ ಇತ್ತು.

ಅವರು ಪೇಂಟರ್. ಊರಿನಲ್ಲಿ ಹೊಸ ಇಳಿಜಾರುಗಳನ್ನು ಕಟ್ಟಿಸಿದ್ದರಲ್ಲ, ಲೈಬ್ರರಿಗೆ, ಸ್ಟೇಷನ್ನಿಗೆ, ನಮ್ಮ ಗೇಟಿಗೆ ಒತ್ತಿಕೊಂಡಿರುವ ಔಷಧಿ ಅಂಗಡಿಗೆ, ಅಲ್ಲೆಲ್ಲ ವೀಲ್‌ಚೇರಿನ ಗುರುತು ಬರೆಯುವ ಕೆಲಸ ಅವರದು. ನೀಲಿ ಚೌಕದಲ್ಲಿ ಬಿಳಿ ಬೊಂಬೆ. ಅದರ ಅಚ್ಚು ಅಂದು ಬೆಳಿಗ್ಗೆ ಲಾರಿಯ ಕೆಳಗೆ ಸಿಕ್ಕಿತ್ತು.

"ಹೋಗ್ಲಿ ಬಿಡಿ, ಒಳ್ಳೇದೇ ಆಯ್ತು," ಅಂದರು, ತಗಡನ್ನು ಕಾಲಿನಿಂದ ಸರಿಸಿ. "ಆ ಬೊಂಬೆ ನಂಗ್ಯಾವತ್ತೂ ಹಿಡಿಸಿಲ್ಲ. ಕುರ್ಚಿಗೆ ಮೊಳೆ ಹೊಡೆದು ಕೂರಿಸಿದ ಹಾಗಿದೆ. ಯಾರಾದ್ರೂ ಬಂದು ತಳ್ಳಲಿ ಅಂತ ಕಾಯ್ತಾ ಇರೋ ಹಾಗೆ."

ಆಮೇಲೆ ಮೊದಲ ಸಲ ನನ್ನ ಮುಖ ನೋಡಿದರು. "ನೀವು ಹಾಗೆ ಕೂತಿಲ್ವಲ್ಲ."

ಆ ಬೊಂಬೆಯನ್ನು ನೋಡಿದಾಗಲೆಲ್ಲ ನನಗೂ ಹಾಗೇ ಅನಿಸುತ್ತಿತ್ತು. ಚಿಕ್ಕಂದಿನಿಂದ ಈ ಕುರ್ಚಿಯಲ್ಲಿದ್ದೇನೆ, ಒಂದು ದಿನವೂ ಅಷ್ಟು ನೆಟ್ಟಗೆ ಕೂತಿಲ್ಲ. ನನಗೆ ನಗು ಬಂತು. ಅವರಿಗೂ ಬಂತು. ನಕ್ಕಾಗ ಎಡಗಣ್ಣು ಬಲಗಣ್ಣಿಗಿಂತ ಸ್ವಲ್ಪ ಮೊದಲು ಮುಚ್ಚುತ್ತದೆ ಅವರಿಗೆ. ಇದನ್ನು ನಾನು ಅವತ್ತೇ ಯಾಕೆ ನೋಡಿಟ್ಟುಕೊಂಡೆನೋ.

"ಕೈ ಎಲ್ಲಿಡಲಿ?" ಅಂದೆ.

"ಚಕ್ರದ ಮೇಲೆ. ಈಗ ಹೊರಟ್ರಿ ಅನ್ನೋ ಹಾಗೆ." ಕಣ್ಣು ಕಿರಿದು ಮಾಡಿ ನೋಡಿದರು. "ನೆರಳು ಎರಡಾಗ್ತಿದೆ."

ಹಿಂದೆ ಮೆಣಸು ನಿಂತಿದ್ದಳಲ್ಲ.

"ಇಳಿ ಪುಟ್ಟಾ, ಸ್ವಲ್ಪ ಹೊತ್ತು," ಅಂದೆ. "ಚಿತ್ರ ಕೆಡುತ್ತೆ."

ಅವಳು ಇಳಿದಳು. ಹೋಗಿ ಮೆಟ್ಟಿಲ ಮೇಲೆ ಕೂತು ಕ್ಲಿಪ್ಪಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಳು. ನಾನು ಮುಂದಕ್ಕೆ ಬಾಗಿ, ಚಕ್ರ ಹಿಡಿದು, ಎಲ್ಲಿಗೂ ಹೋಗದೆ ಹೊರಟವಳ ಹಾಗೆ ಕೂತೆ. ಸೀಮೆಸುಣ್ಣ ನನ್ನ ಬೆನ್ನಿನ ಮೇಲೆ, ಕತ್ತಿನ ಮೇಲೆ, ನಿಧಾನವಾಗಿ ಹರಿದುಬಂತು. ಹರಿದದ್ದು ಸಿಮೆಂಟಿನ ಮೇಲೆ. ಕಚಗುಳಿಯಾದದ್ದು ನನಗೆ.

*

ಮರುದಿನ ಆ ಉದ್ದನೆಯ ನೆರಳನ್ನು ಹದವಾಗಿ ಕುಗ್ಗಿಸಿ ದಪ್ಪ ರಟ್ಟಿನ ಮೇಲೆ ಬರೆದುಕೊಂಡು ನಮ್ಮ ಬಾಗಿಲಿಗೆ ಬಂದರು. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮೆಷಿನ್ನು. ಕಿಟಕಿಯ ಹತ್ತಿರ ಕೂತು ಊರಿನವರ ಪ್ಯಾಂಟು ಗಿಡ್ಡ ಮಾಡುತ್ತೇನೆ, ಬಿಗಿಯಾದ ರವಿಕೆ ಸಡಿಲ ಮಾಡಿಕೊಡುತ್ತೇನೆ.

"ನಿಮ್ಮ ಹತ್ರ ಒಳ್ಳೇ ಕತ್ತರಿ ಇದೆ ಅಂತ ಔಷಧಿ ಅಂಗಡಿ ಅಕ್ಕ ಹೇಳಿದ್ರು."

ಆ ಅಂಗಡಿಯಲ್ಲಿ ಕೆಲಸ ಮಾಡುವುದು ನನ್ನ ಸ್ವಂತ ಅಕ್ಕ. ಇವರನ್ನು ಬೇಕಂತಲೇ ಕಳಿಸಿದ್ದಾಳೆ ಎಂದು ಗೊತ್ತಾಯಿತು.

"ಬಟ್ಟೆ ಕತ್ತರೀಲಿ ರಟ್ಟು ಕತ್ತರಿಸಿದ್ರೆ ನಿಮ್ಮ ಬೆರಳು ಕತ್ತರಿಸ್ತೀನಿ," ಅಂದೆ. ದರ್ಜಿಗಳ ಮನೆಯಲ್ಲಿ ಇದು ತಮಾಷೆಯ ಮಾತಲ್ಲ. ರಟ್ಟು ತಾಗಿದ ಕತ್ತರಿ ಮತ್ತೆ ರೇಷ್ಮೆಯನ್ನು ಕಚ್ಚುವುದಿಲ್ಲ, ಬರೀ ಅಗಿಯುತ್ತದೆ. ಅಡುಗೆಮನೆಯ ಕತ್ತರಿ ತಂದುಕೊಟ್ಟೆ.

ಅವರು ಚಕ್ರವನ್ನು ಕತ್ತರಿಸಿ ಎತ್ತಿದರು. ಚಕ್ರದ ನಡುವಿನ ವೃತ್ತ ಪುಳಕ್ಕನೆ ಕೆಳಗೆ ಬಿದ್ದು, ಉರುಳಿಕೊಂಡು ಹೋಗಿ ಮೆಷಿನ್ನಿನ ಕೆಳಗೆ ಸೇರಿತು. ಇಬ್ಬರೂ ಅದನ್ನೇ ನೋಡುತ್ತಿದ್ದೆವು.

"ತಗಡಿನ ಅಚ್ಚು ಯಾವಾಗ್ಲೂ ರೆಡಿಮೇಡ್ ಬರ್ತಿತ್ತು," ಅಂದರು ಕಿವಿ ಕೆರೆದುಕೊಂಡು.

"ಸುತ್ತ ಪೂರ್ತಿ ಕತ್ತರಿಸಿದ್ರೆ ನಡುವಿಂದು ಯಾವುದನ್ನ ಹಿಡ್ಕೊಂಡು ನಿಲ್ಲಬೇಕು? ಅಲ್ಲಲ್ಲಿ ಕೊಂಡಿ ಬಿಡಬೇಕು. ಆಮೇಲೆ ಆ ಸಂದು ಬ್ರಷ್ಷಲ್ಲಿ ತುಂಬಿ." ಟೇಲರ್ ಚಾಕ್ ತೆಗೆದುಕೊಂಡು ರಟ್ಟಿನ ಇನ್ನೊಂದು ತುಂಡಿನ ಮೇಲೆ ಕೊಂಡಿಗಳ ಜಾಗ ಗುರುತಿಸಿದೆ. ಅವರು ಮೇಜಿನ ಆ ಕಡೆಯಿಂದ ಬಗ್ಗಿದರು. ಬೆರಳಿನ ಸಂದುಗಳಲ್ಲಿ ನೀಲಿ ಉಳಿದುಬಿಟ್ಟಿತ್ತು, ತಿಕ್ಕಿದರೂ ಹೋಗದ ನೀಲಿ.

"ಆ ಚಾಕ್ ಚೆನ್ನಾಗಿದೆ," ಅಂದರು.

"ತಗೊಂಡು ಹೋಗಿ. ನನ್ನ ಹತ್ರ ಇನ್ನೊಂದಿದೆ."

ತೆಗೆದುಕೊಂಡು ಹೋದರು. ಮರುದಿನ ವಾಪಸ್ಸು ಕೊಡಲು ಬಂದರು. ಅದರ ಮರುದಿನ ಮತ್ತೆ ಬೇಕು ಅಂತ ಬಂದರು. ಒಂದು ಚಾಕಿಗೆ ಇಷ್ಟು ಓಡಾಟ ಮಾಡಿಸಿದವಳು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು.

ಬಂದವರು ಕಿಟಕಿಯ ಕಟ್ಟೆಯ ಮೇಲೆ ಕೂರುತ್ತಿದ್ದರು. ಟೀ ಆರುವವರೆಗೂ ಲೋಟ ಹಿಡಿದುಕೊಂಡೇ ಇರುತ್ತಿದ್ದರು. ಜೊತೆಗೆ ಹೊರಗೆ ಹೋದರೆ ಪಕ್ಕದಲ್ಲಿ ನಡೆಯುತ್ತಿದ್ದರು. ಕುರ್ಚಿಯ ಹಿಡಿ ಮುಟ್ಟುತ್ತಿರಲಿಲ್ಲ. ದಿಬ್ಬ ಬಂದಾಗ ಮಾತ್ರ ಅವರ ಹೆಜ್ಜೆ ನಿಧಾನವಾಗುತ್ತಿತ್ತು, ನನ್ನ ಉಸಿರಿನ ಲೆಕ್ಕಕ್ಕೆ. ಒಮ್ಮೆ ಓರೆಗಣ್ಣಿನಲ್ಲಿ ನೋಡಿ ಕೇಳಿದೆ: "ತಳ್ಳಲಾ ಅಂತ ಯಾಕೆ ಕೇಳಲ್ಲ ನೀವು?"

"ಬೇಕಾದ್ರೆ ನೀವೇ ಹೇಳ್ತೀರಿ. ಬೈಯೋಕೆ ಹೇಳ್ಕೊಡಬೇಕಾಗಿಲ್ಲ ನಿಮಗೆ, ಕೇಳೋಕೆ ಹೇಳ್ಕೊಡಬೇಕಾ?"

ಅವತ್ತು ಸಂಜೆಯ ಬೆಳಕು ಚಕ್ರದ ಕಡ್ಡಿಗಳ ನಡುವೆ ಸಿಕ್ಕಿಕೊಂಡು ನಮ್ಮ ಜೊತೆಗೇ ತಿರುಗುತ್ತಾ ಬಂತು. ಮನೆ ಇಷ್ಟು ಹತ್ತಿರ ಯಾಕಿದೆ ಅನಿಸಿತು.

ಇಷ್ಟೆಲ್ಲ ಆದರೂ ಮೆಣಸು ಅವರ ಹತ್ತಿರ ಒಂದು ಮಾತೂ ಆಡಲಿಲ್ಲ.

ಹಾಲಿನವರ ಜೊತೆ ಜಗಳ ಆಡುವ ಹುಡುಗಿ, ಅಂಚೆಯವರಿಗೆ ಒಗಟು ಹಾಕಿ ಬಾಗಿಲಲ್ಲೇ ನಿಲ್ಲಿಸುವ ಹುಡುಗಿ, ಪೇಂಟರ್ ಬಂದರೆ ಬಾಗಿಲ ಹಿಂದೆ ನಿಂತುಬಿಡುತ್ತಿದ್ದಳು. ಅವರು "ಏನು ಮೇಡಂ, ಆರಾಮಾ?" ಅಂದರೆ ತಲೆ ಆಡಿಸುತ್ತಿದ್ದಳು, ಅಷ್ಟೇ. ನನ್ನ ಕುರ್ಚಿಯ ಅಡ್ಡಕಂಬಿ ಹತ್ತುವುದನ್ನೂ ಬಿಟ್ಟಿದ್ದಳು. ದೊಡ್ಡವಳಾಗುತ್ತಿದ್ದಾಳೆ ಎಂದುಕೊಂಡೆ. ಬೆಳಿಗ್ಗೆ ಜಡೆ ಹಾಕುವಾಗ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಳು.

"ಅಮ್ಮಾ..."

"ಏನು ಕಂದಾ?"

"ಏನಿಲ್ಲ."

ತುಟಿಯವರೆಗೆ ಬಂದದ್ದನ್ನು ನುಂಗಿಕೊಳ್ಳುವುದು ಕಾಣುತ್ತಿತ್ತು. ಅವಳಪ್ಪ ತೀರಿಕೊಂಡಾಗ ಅವಳು ಅಂಬೆಗಾಲಿಡುತ್ತಿದ್ದಳು. ಅವರ ಬಗ್ಗೆ ಏನೋ ಕೇಳಬೇಕೆಂದಿದ್ದಾಳೆ ಎಂದುಕೊಂಡೆ. ಅವಸರ ಮಾಡಲಿಲ್ಲ. ಮೊಗ್ಗನ್ನು ಬೆರಳು ಹಾಕಿ ಬಿಡಿಸಲು ಆಗುವುದಿಲ್ಲವಲ್ಲ.

*

ಹೊಸ ಗುರುತು ಲೈಬ್ರರಿಯ ಮುಂದೆ ಬಂತು, ಸ್ಟೇಷನ್ನಿಗೆ ಬಂತು, ಬ್ಯಾಂಕಿನ ಪಾರ್ಕಿಂಗಿಗೆ ಬಂತು. ನಮ್ಮ ಗೇಟಿನ ಪಕ್ಕದಲ್ಲೂ ಬಂತು. ಅಕ್ಕ ಮಧ್ಯಾಹ್ನ ಊಟಕ್ಕೆ ಬಂದವಳು ಬಾಗಿಲಲ್ಲೇ ನಿಂತು ನಗತೊಡಗಿದಳು.

"ಏನೇ ಅದು?"

"ಊರಿಗೆಲ್ಲ ನಿನ್ನನ್ನೇ ಬಳಿದುಬಿಟ್ಟಿದ್ದಾನಲ್ಲೇ ನಿನ್ನ ಪೇಂಟರು."

"ನನ್ನ ಪೇಂಟರು ಅಂದ್ರೆ ಏನು?"

"ಹೋಗಿ ಆ ಬೊಂಬೆ ತಲೆ ನೋಡು."

ಹೋಗಿ ನೋಡಿದೆ. ಮುಂದಕ್ಕೆ ಬಾಗಿದ ಬಿಳಿ ಬೊಂಬೆ, ಗುಂಡನೆಯ ತಲೆ, ತಲೆಯ ಹಿಂದೆ ಇನ್ನೊಂದು ಪುಟ್ಟ ಗುಂಡು. ನನ್ನ ತುರುಬು. ಬೆಳಿಗ್ಗೆ ಕೆಲಸದ ಗಡಿಬಿಡಿಯಲ್ಲಿ ಸುತ್ತಿ ಸಿಕ್ಕಿಸಿಕೊಳ್ಳುವ ಅದೇ ಓರೆ ತುರುಬು.

ಅಚ್ಚಿನ ಅಂಚನ್ನು ಒಪ್ಪ ಮಾಡಿಕೊಟ್ಟವಳು ನಾನೇ. ಒಂದು ನೂಲು ಹೆಚ್ಚು ಕಡಿಮೆಯಾದರೂ ಹಿಡಿಯುವ ಕಣ್ಣು ನನ್ನದು ಎಂದು ಜಂಬ ಬೇರೆ. ಆದರೆ ನಾನು ಆವತ್ತೆಲ್ಲ ಚಕ್ರದ ಕೊಂಡಿಗಳನ್ನೇ ನೋಡುತ್ತಿದ್ದೆ.

"ನಿಮಗಾದ್ರೂ ಕಾಣಿಸಲಿಲ್ವಾ?" ಎಂದು ಅವರನ್ನು ಕೇಳಿದೆ.

"ಕಾಣಿಸ್ತು."

"ಮತ್ತೆ?"

"ಜಾಸ್ತಿ ಇದೆ ಅನಿಸಲಿಲ್ಲ." ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸುತ್ತಾ ಇದ್ದರು, ಒರೆಸುತ್ತಲೇ ಇದ್ದರು. "ಮನುಷ್ಯರ ತಲೆ ಹಾಗೇ ಇರುತ್ತೆ ಅನಿಸಿಬಿಟ್ಟಿತ್ತು."

ನಾನು ಒಳಗೆ ಬಂದು, ಯಾರದೋ ಪ್ಯಾಂಟಿನ ಎರಡು ಕಾಲುಗಳನ್ನೂ ಸೇರಿಸಿ ಹೊಲಿದುಬಿಟ್ಟೆ. ಕೂತು ಬಿಚ್ಚಿದೆ.

ಎಂಜಿನಿಯರಮ್ಮ ನಮ್ಮ ಗೇಟಿನ ಗುರುತು ನೋಡಲು ಬಂದದ್ದು ಒಂದು ವಾರದ ನಂತರ. ಊರಿನ ರಸ್ತೆ, ಇಳಿಜಾರು ಎಲ್ಲ ಅವರ ಉಸ್ತುವಾರಿ. ಸಿಟ್ಟಾಗಲಿಲ್ಲ; ಗುರುತಿನ ಸುತ್ತ ಒಂದು ಸುತ್ತು ಬಂದು, ತಲೆ ಓರೆ ಮಾಡಿ ನೋಡಿ, "ಚೆನ್ನಾಗಿದೆ ರೀ," ಅಂದರು. ಆಮೇಲೆ ಲೈಬ್ರರಿಯ ಕಥೆ ಹೇಳಿದರು. ನಿವೃತ್ತ ಮೇಷ್ಟ್ರೊಬ್ಬರು, ವೀಲ್‌ಚೇರಿನಲ್ಲೇ ಓಡಾಡುವವರು, ಇಳಿಜಾರಿನ ಬುಡದಲ್ಲಿ ಬಿಸಿಲಿನಲ್ಲಿ ಕಾಯುತ್ತಾ ಇದ್ದರಂತೆ. ಯಾಕೆ ಸಾರ್ ಹತ್ತಲಿಲ್ಲ ಅಂದರೆ, "ಇದು ಲೇಡೀಸ್ ಅಲ್ವೇನಮ್ಮ? ಜೆಂಟ್ಸ್‌ದು ಎಲ್ಲಿ?" ಅಂದರಂತೆ.

ಪಕ್ಕದ ಔಷಧಿ ಅಂಗಡಿಯಿಂದ ಕೇಳಿಸಿಕೊಳ್ಳುತ್ತಿದ್ದ ಅಕ್ಕ ಕೌಂಟರಿಗೆ ಹಣೆ ಒತ್ತಿಕೊಂಡು ನಕ್ಕಳು. ನಾನೂ ನಕ್ಕೆ. ನಕ್ಕು ಮುಗಿಯುವ ಹೊತ್ತಿಗೆ ಆ ಬಿಸಿಲು ನನಗೇ ತಾಗಿದ ಹಾಗಾಯಿತು. ಇಳಿಜಾರಿನ ಬುಡದಲ್ಲಿ ಕಾಯುವುದೆಂದರೇನೆಂದು ನನಗೆ ಗೊತ್ತು. ನನ್ನ ತುರುಬಿನಿಂದಾಗಿ ಒಬ್ಬರು ಹಾಗೆ ಕಾಯಬೇಕೆ?

"ಮುಂದಕ್ಕೆ ಬಾಗಿರೋದು ಇರಲಿ," ಅಂದರು ಎಂಜಿನಿಯರಮ್ಮ. "ಆದ್ರೆ ಇದು ಯಾರೋ ಒಬ್ಬರ ಥರ ಇದೆ. ಗುರುತು ಯಾರ ಥರಾನೂ ಇರಬಾರದು, ಆಗಲೇ ಎಲ್ಲರದ್ದೂ ಆಗೋದು. ತುರುಬು ತೆಗೆದುಬಿಡಿ."

ಪೇಂಟರ್ ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ.

*

ಲೈಬ್ರರಿಗೆ ಹೋದ ದಿನ ಅವರು ಅಲ್ಲೇ ಇದ್ದರು. ಸಣ್ಣ ಬ್ರಷ್ಷಿನಲ್ಲಿ ತುರುಬಿನ ಮೇಲೆ ನೀಲಿ ಹಚ್ಚುತ್ತಿದ್ದರು, ಮಲಗಿದ ಮಗುವಿಗೆ ಹೊದಿಕೆ ಎಳೆಯುವ ಹಾಗೆ. ಮರದ ಎಲೆಗಳ ಚುಕ್ಕಿ ಬಿಸಿಲು ಅವರ ಬೆನ್ನ ಮೇಲೆ ಅಲ್ಲಾಡುತ್ತಿತ್ತು. ಮೆಣಸು ಪುಸ್ತಕ ವಾಪಸ್ಸು ಕೊಡಲು ಒಳಗೆ ಓಡಿದ್ದಳು.

"ಇದು ಮುಗಿದ್ರೆ ಉಳಿಯೋದು ನಿಮ್ಮ ಗೇಟಿಂದು ಒಂದೇ," ಅಂದರು ತಲೆ ಎತ್ತದೆ. "ಅದನ್ನ ಕೊನೇಗೆ ಇಟ್ಕೊಂಡಿದ್ದೀನಿ. ಆಮೇಲೆ ಪಕ್ಕದ ಊರಿನ ಕೆಲಸ. ಅಲ್ಲೇ ಬಂದು ಇದ್ದುಬಿಡು ಅಂತಿದ್ದಾರೆ. ಹೋಗಲಾ?"

"ನನ್ನನ್ನ ಯಾಕೆ ಕೇಳ್ತೀರಾ?"

"ಬೇಡ ಅನ್ನೋ ಹಕ್ಕು ಇರೋದು ನಿಮಗೊಬ್ಬರಿಗೇ."

ನನ್ನ ಕೈ ಚಕ್ರದ ಮೇಲಿತ್ತು, ಹೊರಡುವ ಹಾಗೆ. ಹೊರಡಲಿಲ್ಲ.

"ಇಲ್ಲೇ ಇರಿ ಅಂದ್ರೆ," ಅಂದರು, "ಬರೀ ಈ ಊರಲ್ಲಿ ಅಂತಲ್ಲ. ನಿಮ್ಮಿಬ್ಬರ ಜೊತೆ ಅಂತ. ಬಿಡಿಸಿ ಹೇಳೋಕೆ ನಂಗೆ ಬರಲ್ಲ. ಬರೆಯೋಕೆ ಮಾತ್ರ ಬರುತ್ತೆ, ಅದನ್ನೂ ಅಳಿಸಿ ಅಂತಾರೆ."

ಇರಿ ಎಂಬ ಎರಡಕ್ಷರ ನಾಲಿಗೆಯ ತುದಿಯಲ್ಲೇ ಇತ್ತು. ಎಷ್ಟು ಹಗುರ ಇತ್ತೆಂದರೆ ಊದಿದರೆ ಹಾರಿಹೋಗಿ ಅವರ ಹೆಗಲ ಮೇಲೆ ಕೂರುತ್ತಿತ್ತು. ಲೈಬ್ರರಿಯ ಬಾಗಿಲಲ್ಲಿ ಮೆಣಸು ಬಂದು ನಿಂತಳು. ನಮ್ಮಿಬ್ಬರನ್ನು ನೋಡಿದಳು. ಅಲ್ಲೇ ನಿಂತಳು.

"ಅವಳು ನಿಮ್ಮ ಹತ್ರ ಇವತ್ತಿನ ತನಕ ಮಾತಾಡಿಲ್ಲ," ಅಂದೆ ಮೆಲ್ಲಗೆ. "ಅವಳ ಮನಸ್ಸಲ್ಲಿ ಏನೋ ಇದೆ. ಅದನ್ನ ದಾಟ್ಕೊಂಡು ನಾನು ಬರಲಾರೆ."

"ನಾನೇ ಕೇಳಲಾ ಅವಳನ್ನ?"

"ಬೇಡ. ಅವಳಾಗೇ ಕೇಳಲಿ."

"ಕೇಳದೇ ಇದ್ರೆ?"

ಅವರು ಬಗ್ಗಿ ಉಳಿದ ಬಿಳಿಯನ್ನೂ ಮುಚ್ಚಿದರು.

ಎರಡು ದಿನದ ಮೇಲೆ ಸಂಜೆ ನಮ್ಮ ಗೇಟಿನ ಗುರುತಿಗೆ ನೀಲಿ ಹಚ್ಚಲು ಬಂದರು. ತುರುಬಿನ ಜೊತೆ, ತುಳಿದು ಸವೆದಿದ್ದ ಚೌಕಕ್ಕೆಲ್ಲ ಹೊಸ ನೀಲಿ ಕೊಟ್ಟು, ಸುತ್ತ ಗೂಟ ನಿಲ್ಲಿಸಿ ಹಗ್ಗ ಕಟ್ಟಿದರು. "ನಾಳೆ ಬೆಳಿಗ್ಗೆ ಬಂದು ಹಗ್ಗ ಬಿಚ್ತೀನಿ," ಅಂದರು. ನಾಳೆ ಬಿಚ್ಚಿದ ಮೇಲೆ ಏನು ಎಂದು ಇಬ್ಬರೂ ಹೇಳಲಿಲ್ಲ. ಅವರು ಬರುವ ಮೊದಲು ಹೊಸ ಅಚ್ಚಿನ ತಲೆ ಸರಿಮಾಡಲು ನನ್ನ ಕತ್ತರಿ ಕೇಳಿ ಕಳಿಸಿದ್ದರು. ಕೊಟ್ಟಿದ್ದೆ. ಅದನ್ನು ವಾಪಸ್ಸು ತಂದುಕೊಟ್ಟ ಅಕ್ಕ ಕೈಯಲ್ಲಿ ಹಿಡಿದು ನೋಡಿ ಬೆರಗಾದಳು.

"ಇದು ಬಟ್ಟೆ ಕತ್ತರಿ ಅಲ್ವೇನೇ?"

"ಹೂಂ."

"ರಟ್ಟಿಗೆ?"

"ಹೂಂ."

"ನಾನು ಕೇಳಿದ್ರೆ ದಾರ ಕತ್ತರಿಸೋಕೂ ಕೊಡಲ್ಲ." ಅಕ್ಕ ನನ್ನ ಗಲ್ಲ ಹಿಡಿದು ಮುಖ ಎತ್ತಿದಳು. "ಇನ್ನು ಹೇಳೋದು ಏನು ಉಳೀತು ಹೇಳು."

*

ಬೆಳಿಗ್ಗೆ ಮತ್ತೆ ದಿಂಬಿನ ಚೀಲಗಳು. ಅವರು ಬಂದು ಗೂಟದ ಹಗ್ಗ ಬಿಚ್ಚಲು ಬಗ್ಗಿದವರು ಹಾಗೇ ನಿಂತರು.

"ಬನ್ನಿ ಇಲ್ಲಿ," ಅಂದರು.

ಗೇಟಿನ ಹತ್ತಿರ ಹೋದೆ. ನೀಲಿ ಚೌಕದಲ್ಲಿ ಬೊಂಬೆ ತುರುಬಿಲ್ಲದೆ, ಯಾರ ಥರವೂ ಅಲ್ಲದೆ, ಮುಂದಕ್ಕೆ ಬಾಗಿ ಹೊರಟಿತ್ತು. ಅದರ ಚಕ್ರಕ್ಕೆ ತೀರ ಹತ್ತಿರ, ಹಿಂಬದಿಯಲ್ಲಿ, ಒಣಗದ ಬಣ್ಣದಲ್ಲಿ ಒತ್ತಿದ ಎರಡು ಪುಟ್ಟ ಷೂ ಗುರುತು. ಓಡಿದ ಗುರುತಲ್ಲ, ದಾಟಿದ ಗುರುತಲ್ಲ. ಜೋಡಿಸಿಟ್ಟ ಎರಡು ಪಾದ. ಯಾರೋ ಅಲ್ಲಿ ಸುಮ್ಮನೆ, ತುಂಬ ಹೊತ್ತು ನಿಂತಿದ್ದ ಹಾಗೆ.

ಹಿಂತಿರುಗಿ ನೋಡಿದೆ. ಮೆಟ್ಟಿಲ ಮೇಲೆ ಮೆಣಸು ಕೂತಿದ್ದಳು, ಕ್ಲಿಪ್ಪಿನ ಡಬ್ಬಿಯನ್ನು ಎದೆಗೆ ಒತ್ತಿಕೊಂಡು. ಷೂಗಳ ಅಂಚಿಗೆಲ್ಲ ನೀಲಿ.

ಅಷ್ಟು ದಿನ ಕನ್ನಡಿಯಲ್ಲಿ ನುಂಗಿಕೊಂಡದ್ದು ಏನೆಂದು ಆಗ ನನಗೆ ಗೊತ್ತಾಯಿತು. ಅವಳಪ್ಪನ ಬಗ್ಗೆ ಅಲ್ಲ. ಇಳಿ ಅಂದಿದ್ದೆ. ಚಿತ್ರ ಕೆಡುತ್ತೆ ಅಂದಿದ್ದೆ. ಮತ್ತೆ ಹತ್ತು ಎಂದು ನಾನು ಹೇಳಿರಲೇ ಇಲ್ಲ.

ಕರೆಯಬೇಕೆನಿಸಿತು. ಅಷ್ಟರಲ್ಲಿ ಪೇಂಟರ್ ಆ ಷೂಗಳನ್ನು ನೋಡಿದರು, ಆಮೇಲೆ ಅವಳ ಮುಖ ನೋಡಿದರು. ಗದರಲಿಲ್ಲ, ಮುದ್ದು ಮಾಡಲೂ ಇಲ್ಲ. ಕೆಲಸದವರು ಕೆಲಸದವರ ಜೊತೆ ಮಾತಾಡುವ ಹಾಗೆ ಮಾತಾಡಿದರು.

"ಇದನ್ನ ಮುಚ್ಚಲೇಬೇಕು ಮೇಡಂ. ಎಂಜಿನಿಯರಮ್ಮ ಒಪ್ಪಲ್ಲ. ರಸ್ತೆ ಎಲ್ಲರದ್ದು." ಜೇಬಿನಿಂದ ನನ್ನ ಟೇಲರ್ ಚಾಕ್ ತೆಗೆದರು. "ಆದ್ರೆ ಈ ಕಾಂಪೌಂಡ್ ಗೋಡೆ ಒಳಗಡೆಯಿಂದ ನಿಮ್ಮದು. ಇದಕ್ಕೆ ಯಾವ ಎಂಜಿನಿಯರೂ ಇಲ್ಲ. ಬೇಕಾದ್ದು ಬರೀಬಹುದು."

ಬಿಸಿಲು ಮನೆಯ ಕಡೆಯಿಂದ ಬೀಳುತ್ತಿತ್ತು. ನಾನು ಗೇಟಿನಿಂದ ಸ್ವಲ್ಪ ಪಕ್ಕಕ್ಕೆ ಸರಿದು, ಗೋಡೆಯ ಉದ್ದಕ್ಕೆ ಕುರ್ಚಿ ತಿರುಗಿಸಿದೆ. ನೆರಳು ರಸ್ತೆಯಿಂದ ಎದ್ದು ಬಂದು ಗೋಡೆಯ ಮೇಲೆ ನೆಟ್ಟಗೆ ನಿಂತಿತು, ಚಕ್ರ, ಬಾಗಿದ ಬೆನ್ನು, ಓರೆ ತುರುಬು, ಎಲ್ಲ. ಅವರು ಒಳಗೆ ಬಂದು ಗೋಡೆಯ ಮುಂದೆ ಮೊಣಕಾಲೂರಿ ಕೂತರು. ಚಾಕ್ ಗೋಡೆಗೆ ತಾಗಿಸಿದರು. ಆದರೆ ಎಳೆಯಲಿಲ್ಲ. "ಅಲುಗಾಡಬೇಡಿ" ಅನ್ನಲೂ ಇಲ್ಲ. ಕಾದರು. ಎಡಗೈ ನೆಲಕ್ಕೆ ಊರಿದ್ದರು.

ನಾನೂ ಕಾದೆ. ದಿಂಬಿನ ಚೀಲಗಳಿಂದ ನೀರು ಹನಿಯುತ್ತಿತ್ತು.

ಹಿಂದೆ ಡಬ್ಬಿ ಕೆಳಗಿಟ್ಟ ಸದ್ದಾಯಿತು. ನೀಲಿ ಷೂಗಳು ಮೆಟ್ಟಿಲಿಳಿದು, ಅಂಗಳ ದಾಟಿ, ನನ್ನ ಕುರ್ಚಿಯ ಪಕ್ಕ ಬಂದು ನಿಂತವು. ಗೋಡೆಯ ಮೇಲೆ ನನ್ನ ನೆರಳಿಗೆ ತಾಗಿಯೂ ತಾಗದ ಹಾಗೆ ಇನ್ನೊಂದು ಪುಟ್ಟ ನೆರಳು.

ಅವಳು ನನ್ನನ್ನು ನೋಡಲಿಲ್ಲ. ಅವರನ್ನೇ ನೋಡುತ್ತಾ ಕೇಳಿದಳು:

"ಮಾಮ, ನಾನು ಎಲ್ಲಿ ನಿಂತ್ಕೊಳ್ಳಲಿ?"